ಎಕ್ಸೆಲ್‌ನಿಂದ ಡೇಟಾಬೇಸ್‌ಗೆ ಹಾಕುವಾಗ 2 ಎಕರೆ 20 ಗುಂಟೆ ಹೊಲ 2 ಎಕರೆ 2 ಗುಂಟೆ ಆಯ್ತು. ನೀವು ಡೇಟಾ ಹೇಗೆ ಸ್ವಚ್ಛ ಮಾಡ್ತೀರಿ?

ಮುಳಗುಂದ ನಾಕಾ:

ಎಲ್ಲರಿಗೂ ನಮಸ್ಕಾರ. ಗದಗ ತಾಲೂಕಿನ ಒಂದು ಸಹಕಾರ ಸಂಘದ ಲೆಕ್ಕವನ್ನೆಲ್ಲ ಎಕ್ಸೆಲ್‌ನಿಂದ ತೆಗೆದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಹಾಕುವ ಕೆಲಸ ಒಪ್ಪಿಕೊಂಡಿದ್ದೇನೆ. ಸಂಘದ ಹೆಸರು ಬೇಡ. ಒಟ್ಟು 14 ಫೈಲು ಇವೆ, 2009ರಿಂದ ಈಚೆಗೆ ಟೈಪ್ ಮಾಡಿದ್ದು. ಮಾಡಿದವರು ಒಬ್ಬರಲ್ಲ, ಕಾಲಕಾಲಕ್ಕೆ ಬಂದು ಹೋದ ನಾಲ್ಕೈದು ಜನ. ಸದಸ್ಯರ ಹೆಸರು, ಊರು, ಸರ್ವೆ ನಂಬರು, ಜಮೀನು, ಷೇರು, ಬೆಳೆಸಾಲ, ಬ್ಯಾಂಕ್ ಖಾತೆ, ಎಲ್ಲ ಅದರಲ್ಲೇ.

ನಾನು ಪೈಥಾನ್‌ನಲ್ಲಿ ಪಾಂಡಾಸ್ ಅನ್ನುವ ಟೇಬಲ್ ಡೇಟಾದ ಲೈಬ್ರರಿ ಇಟ್ಟುಕೊಂಡು ಒಂದು ಸ್ಕ್ರಿಪ್ಟ್ ಬರೆದೆ. ಹಿಂದೆ ಮುಂದೆ ಇರುವ ಖಾಲಿ ಜಾಗ ತೆಗೆಯುವುದು, ಖಾಲಿ ಸಾಲು ತೆಗೆಯುವುದು, ಎರಡು ಸಲ ಬಂದ ಸಾಲು ತೆಗೆಯುವುದು, ಕಾಲಮ್ಮಿಗೆ ಸರಿಯಾದ ಟೈಪ್ ಕೊಡುವುದು. ಒಂದೂ ಎರರ್ ಇಲ್ಲದೆ ಎಲ್ಲ ಒಳಗೆ ಹೋಯ್ತು. ಬಹಳ ಖುಷಿಯಾಯ್ತು ನನಗೆ.

ಮಾರನೇ ದಿನ ಸಂಘದ ಕಚೇರಿಯಲ್ಲಿ ಒಬ್ಬ ಅಜ್ಜನಿಗೆ ಅವರ ವಿವರ ಪರದೆ ಮೇಲೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು. ಆಮೇಲೆ, "ನನ್ನ ಹೊಲ ಎರಡೆಕರೆ ಇಪ್ಪತ್ತು ಗುಂಟೆ ಐತಿ, ಇಲ್ಲಿ ಎರಡು ಗುಂಟೆ ಅಂತ ಬಂದೈತಲ್ಲ" ಅಂದರು. ಪಹಣಿ ತೆಗೆದು ನೋಡಿದೆ. ಅವರು ಹೇಳಿದ್ದೇ ಸರಿ. ಮೂಲ ಫೈಲಿನಲ್ಲಿ ಆ ಸೆಲ್‌ನಲ್ಲಿ 2.2 ಅಂತ ಇದೆ. ಟೈಪ್ ಮಾಡಿದವರು 2.20 ಅಂತಲೇ ಹೊಡೆದಿರುತ್ತಾರೆ, ಎಕ್ಸೆಲ್ ಅದನ್ನು ದಶಮಾಂಶ ಅಂದುಕೊಂಡು ಕೊನೆಯ ಸೊನ್ನೆ ತಿಂದಿದೆ. ನನ್ನ ಸ್ಕ್ರಿಪ್ಟ್ ಚುಕ್ಕಿ ಮುಂದಿನ 2ನ್ನು ಎರಡು ಗುಂಟೆ ಅಂತ ತಗೊಂಡಿದೆ.

ಹದಿನೆಂಟು ಗುಂಟೆ ಕಡಿಮೆ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. ಅಜ್ಜನ ಹೊಲದಲ್ಲಿ 19,602 ಚದರ ಅಡಿಯನ್ನು ನಾನು ಮಾಯ ಮಾಡಿದ್ದೆ. ಬೆಳೆಸಾಲ ಎಷ್ಟು ಕೊಡಬೇಕು ಅನ್ನುವುದು ಜಮೀನಿನ ಲೆಕ್ಕದ ಮೇಲೆ ನಿಂತಿರುತ್ತದೆ. ರಾತ್ರಿ ನಿದ್ದೆ ಬರಲಿಲ್ಲ. ಇಂಥ ಡೇಟಾ ತಾನಾಗಿ ಸ್ವಚ್ಛ ಆಗುವ ಹಾಗೆ ಮಾಡುವುದು ಹೇಗೆ? ಮಾಡಿ ಅನುಭವ ಇರುವವರು ದಯವಿಟ್ಟು ಹೇಳಿ.

ಕಡ್ಡಿ ಮೆಣಸಿನಕಾಯಿ:

ಬ್ಯಾಡಗಿಯಿಂದ ಬರೆಯುತ್ತಿದ್ದೇನೆ. ನಿಮ್ಮದು ಓದಿ ಎದೆ ಧಸಕ್ ಅಂತು, ಯಾಕೆಂದರೆ ನಾನೂ ಇದೇ ಗುಂಡಿಗೆ ಬಿದ್ದು ಎದ್ದವನು. ಮೆಣಸಿನಕಾಯಿ ಬೆಳೆಗಾರರ ಪಟ್ಟಿ ಮಾಡುವಾಗ ಡಬ್ಬಿ ತಳಿ ಎಷ್ಟು ಎಕರೆ, ಕಡ್ಡಿ ತಳಿ ಎಷ್ಟು ಎಕರೆ ಅಂತ ಕೂಡಿಸಿದ್ದೆ. 1.30 ಮತ್ತು 1.30 ಕೂಡಿಸಿದರೆ ಎಕ್ಸೆಲ್ 2.60 ಅನ್ನುತ್ತದೆ. ನಮ್ಮ ಲೆಕ್ಕದಲ್ಲಿ ಅದು 3 ಎಕರೆ 20 ಗುಂಟೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ, ಇದು ಎಕ್ಸೆಲ್‌ಗೆ ಗೊತ್ತಿಲ್ಲ, ಪಾಂಡಾಸ್‌ಗೂ ಗೊತ್ತಿಲ್ಲ.

ಈಗ ಕೆಲಸದ ಮಾತು. 2.2 ಅಂತ ಇರುವ ಸೆಲ್ ಒಂದನ್ನೇ ನೋಡಿದರೆ ಅದು 20 ಗುಂಟೆಯೋ 2 ಗುಂಟೆಯೋ ಹೇಳಲು ಬರುವುದಿಲ್ಲ. ಸೆಲ್‌ನ ಫಾರ್ಮ್ಯಾಟ್ ಬದಲಿಸಿ ಎರಡು ಅಂಕಿ ತೋರಿಸು ಅಂದರೆ ಎಲ್ಲವೂ 2.20 ಆಗುತ್ತದೆ, ಅದರಿಂದ ಏನೂ ಗೊತ್ತಾಗಲ್ಲ. ಆದರೆ ಆ ಫೈಲಿನ ಇಡೀ ಕಾಲಮ್ ನೋಡಿದರೆ ಗೊತ್ತಾಗುತ್ತದೆ. ಚುಕ್ಕಿ ಮುಂದಿನ ಭಾಗವನ್ನು ಮಾತ್ರ ತೆಗೆದು, ಯಾವ ಬೆಲೆ ಎಷ್ಟು ಸಲ ಬಂದಿದೆ ಅಂತ ಎಣಿಸಿ.

ಆ ಕಾಲಮ್ಮಿನಲ್ಲಿ .02, .05, .08 ಥರದವು ಇದ್ದರೆ, ಟೈಪ್ ಮಾಡಿದವರು ಎರಡು ಗುಂಟೆಯನ್ನು .02 ಅಂತ ಬರೆಯುವ ರೂಢಿ ಇಟ್ಟುಕೊಂಡವರು. ಹಾಗಾದರೆ .2 ಅಂದರೆ 20 ಗುಂಟೆಯೇ. ಈ ರೂಢಿಯವರ ಫೈಲಿನಲ್ಲಿ ಒಂದೇ ಅಂಕಿ ಕಾಣಿಸುವುದು .1, .2, .3 ಮಾತ್ರ, ಯಾಕೆಂದರೆ 40 ಗುಂಟೆ ಆದ ಕೂಡಲೇ ಎಕರೆ ಆಗಿಬಿಡುತ್ತದೆ. ಅದರ ಬದಲು .4, .6, .7, .9 ಕಾಣಿಸಿದರೆ, ಜೊತೆಗೆ .11, .35 ಕೂಡ ಇದ್ದರೆ, ಅವರು ನಾಲ್ಕು ಗುಂಟೆಯನ್ನು .4 ಅಂತ ಬರೆದವರು. ಆಗ .1, .2, .3 ಇರುವ ಸಾಲುಗಳು ನಿಜಕ್ಕೂ ಸಂಶಯದವು, ಯಾವ ಸ್ಕ್ರಿಪ್ಟೂ ಅದನ್ನು ಬಿಡಿಸಲಾರದು, ಪಹಣಿಯನ್ನೇ ನೋಡಬೇಕು. ಇನ್ನು .25, .5, .75 ಬಿಟ್ಟರೆ ಬೇರೆ ಏನೂ ಇಲ್ಲ ಅಂದರೆ, ಅವರು ಎಕರೆಯನ್ನು ದಶಮಾಂಶದಲ್ಲೇ ಬರೆದಿದ್ದಾರೆ. ಅಲ್ಲಿ .5 ಅಂದರೆ ಅರ್ಧ ಎಕರೆ, 20 ಗುಂಟೆ.

ನಿಮ್ಮ 14 ಫೈಲಿಗೂ ಒಂದೇ ನಿಯಮ ಹಾಕಬೇಡಿ. ಒಂದೊಂದು ಫೈಲಿಗೆ ಒಂದೊಂದು ಕೈ ಇರುತ್ತದೆ.

ಮುಳಗುಂದ ನಾಕಾ:

ಈಗಲೇ ಎಣಿಸಿ ನೋಡಿದೆ. ಮೈ ಜುಂ ಅಂತು. 9 ಫೈಲಿನಲ್ಲಿ .02, .05 ಇವೆ, .39ಕ್ಕಿಂತ ಮೇಲೆ ಏನೂ ಇಲ್ಲ. 3 ಫೈಲಿನಲ್ಲಿ .6, .7, .9 ಎಲ್ಲ ಕಾಣಿಸುತ್ತಿವೆ. 2 ಫೈಲು ಪೂರ್ತಿ ಕಾಲು, ಅರ್ಧ, ಮುಕ್ಕಾಲು. ಒಂದೇ ಸಂಘ, ಒಂದೇ ಕಾಲಮ್ ಹೆಸರು, ಮೂರು ಥರದ ಲೆಕ್ಕ!

ಇನ್ನೊಂದು ವಿಚಿತ್ರ ಸಿಕ್ಕಿದೆ. ಒಬ್ಬರದು 1.15 ಅಂತ ಇದೆ, ಡೇಟಾಬೇಸ್‌ನಲ್ಲಿ 1 ಎಕರೆ 14 ಗುಂಟೆ ಅಂತ ಕೂತಿದೆ. ಇಲ್ಲಿ ಸೊನ್ನೆಯ ಸಮಸ್ಯೆಯೂ ಇಲ್ಲ. ಇದು ಯಾಕೆ?

ಅಮರಗೋಳ:

ನೀವು 1.15ನ್ನು 100ರಿಂದ ಗುಣಿಸಿ ಪೂರ್ಣಾಂಕ ಮಾಡಿರಬೇಕು, ಅಲ್ವಾ? ಪೈಥಾನ್‌ನಲ್ಲಿ 1.15 ಗುಣಿಸು 100 ಅಂದರೆ 115 ಬರಲ್ಲ, 114.99999999999999 ಬರುತ್ತದೆ. ಕಂಪ್ಯೂಟರ್ ಒಳಗೆ ಈ ಭಿನ್ನರಾಶಿಗಳು ಎರಡರ ಲೆಕ್ಕದಲ್ಲಿ ಇರುತ್ತವೆ, 0.15 ಅಲ್ಲಿ ಸರಿಯಾಗಿ ಕೂರುವುದಿಲ್ಲ. ಪೂರ್ಣಾಂಕ ಮಾಡುವಾಗ ಚುಕ್ಕಿ ಮುಂದಿನದ್ದು ಕತ್ತರಿಸಿ 114 ಆಯ್ತು, ಒಂದು ಗುಂಟೆ ಹೋಯ್ತು. ಅದಕ್ಕೇ ಇದನ್ನು ಅಂಕಿಯಾಗಿ ಮುಟ್ಟಲೇಬೇಡಿ. ಪಠ್ಯವಾಗಿ ಓದಿ, ಚುಕ್ಕಿ ಇದ್ದಲ್ಲಿ ಎರಡು ತುಂಡು ಮಾಡಿ, ಎಡಗಡೆಯದು ಎಕರೆ, ಬಲಗಡೆಯದನ್ನು ಆ ಫೈಲಿನ ರೂಢಿಯಂತೆ ಗುಂಟೆ ಮಾಡಿ. ಡೇಟಾಬೇಸ್‌ನಲ್ಲಿ ಇಡುವಾಗ ಒಟ್ಟು ಆಣೆ ಮಾಡಿ ಪೂರ್ಣಾಂಕವಾಗಿ ಇಡಿ. 2 ಎಕರೆ 20 ಗುಂಟೆ ಅಂದರೆ 100 ಗುಂಟೆ, ಅಂದರೆ 1,600 ಆಣೆ. ಕೂಡಿಸುವುದು ಕಳೆಯುವುದು ಎಲ್ಲ ಆಣೆಯಲ್ಲಿ, ತೋರಿಸುವಾಗ ಮಾತ್ರ ಎಕರೆ ಗುಂಟೆ.

ಇನ್ನು ದೊಡ್ಡ ಮಾತು. ನೀವು ಸ್ವಚ್ಛ ಮಾಡಿ ಆಮೇಲೆ ಒಳಗೆ ಹಾಕಿದಿರಿ. ಅದನ್ನು ತಿರುಗಿಸಿ. ಮೊದಲು ಇದ್ದದ್ದು ಇದ್ದ ಹಾಗೆ ಒಳಗೆ ಹಾಕಿ. ಎಲ್ಲ ಕಾಲಮ್ಮೂ ಪಠ್ಯವಾಗಿರುವ ಒಂದು ಕಚ್ಚಾ ಟೇಬಲ್ ಮಾಡಿ, ಸಂತೆಗೆ ಬಂದ ಮೂಟೆ ಬಿಚ್ಚದೆ ಇಳಿಸಿದ ಹಾಗೆ. ಪ್ರತಿ ಸಾಲಿನ ಜೊತೆಗೆ ಅದು ಯಾವ ಫೈಲು, ಯಾವ ಶೀಟು, ಎಷ್ಟನೇ ಸಾಲು ಅಂತ ಬರೆದಿಡಿ. ಆ ಟೇಬಲನ್ನು ಯಾವತ್ತೂ ತಿದ್ದಬೇಡಿ. ಅದರಿಂದ ಎಸ್‌ಕ್ಯೂಎಲ್ (ಡೇಟಾಬೇಸ್‌ನ ಭಾಷೆ) ಬರೆದು ಎರಡನೇ ಟೇಬಲ್ ಮಾಡಿ. ನಿಯಮ ತಪ್ಪಿದೆ ಅಂತ ಆರು ತಿಂಗಳ ಮೇಲೆ ಗೊತ್ತಾದರೂ ಎರಡನೇ ಟೇಬಲ್ ಅಳಿಸಿ ಮತ್ತೆ ಓಡಿಸಬಹುದು. ನಿಯಮಕ್ಕೆ ಸಿಗದ ಸಾಲು ಮೂರನೇ ಟೇಬಲ್‌ಗೆ ಹೋಗಲಿ, ಯಾಕೆ ಸಿಗಲಿಲ್ಲ ಅನ್ನುವ ಕಾರಣದ ಜೊತೆಗೆ.

ಎರರ್ ಬರಲಿಲ್ಲ ಅಂದರೆ ಸರಿ ಇದೆ ಅಂತಲ್ಲ. 2020ರಲ್ಲಿ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣ ಪಟ್ಟಿಯಿಂದ ಬಿಟ್ಟು ಹೋಗಿದ್ದವು. ಹಳೆಯ ಎಕ್ಸ್‌ಎಲ್‌ಎಸ್ ಫೈಲಿನಲ್ಲಿ 65,536 ಸಾಲಿಗಿಂತ ಜಾಸ್ತಿ ಹಿಡಿಯುವುದಿಲ್ಲ, ಮಿಕ್ಕಿದ್ದು ಸದ್ದಿಲ್ಲದೆ ಬಿದ್ದುಹೋಯ್ತು. ಸಾಲು ಎಷ್ಟು ಹೋಯ್ತು, ಎಷ್ಟು ಬಂತು, ಮೊತ್ತ ಎಷ್ಟು ಹೋಯ್ತು, ಎಷ್ಟು ಬಂತು, ಇದನ್ನು ಪ್ರತಿ ಸಲ ತಾಳೆ ನೋಡಿ.

ರಾಣೆಬೆನ್ನೂರಿನವಳು:

ಮೊತ್ತದ ಮಾತು ಬಂತಲ್ಲ, ಅದಕ್ಕೆ ನಂದೊಂದು. ನಾನು ಪ್ರೋಗ್ರಾಮರ್ ಅಲ್ಲ, ಲೆಕ್ಕಪತ್ರದ ಕೆಲಸ. ನಾನು ಪವರ್ ಕ್ವೆರಿಯಲ್ಲೇ ಮಾಡ್ತೀನಿ, ಎಕ್ಸೆಲ್ 2016ರಿಂದ ಒಳಗೇ ಇದೆ. ಒಂದು ಫೋಲ್ಡರ್ ತೋರಿಸಿದರೆ ಒಳಗಿನ ಫೈಲೆಲ್ಲ ಒಂದರ ಕೆಳಗೆ ಒಂದು ಜೋಡಿಸಿ ಕೊಡುತ್ತದೆ. ಮಾಡಿದ ಪ್ರತಿ ಹೆಜ್ಜೆ ಬಲಗಡೆ ಪಟ್ಟಿಯಾಗಿ ಉಳಿಯುತ್ತದೆ, ಮುಂದಿನ ತಿಂಗಳು ಹೊಸ ಫೈಲು ಬಂದರೆ ರಿಫ್ರೆಶ್ ಅಂದರೆ ಸಾಕು. ಕೋಡ್ ಬಾರದವರಿಗೆ ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ.

ಆದರೆ ಒಂದು ಎಚ್ಚರ. ಫೈಲು ತೆರೆದ ಕೂಡಲೇ ಅದು ನಮ್ಮನ್ನು ಕೇಳದೆ ಟೈಪ್ ಬದಲಿಸುವ ಒಂದು ಹೆಜ್ಜೆ ತಾನೇ ಸೇರಿಸುತ್ತದೆ. ಮೊದಲು ಅದನ್ನು ಅಳಿಸಿ. ಆಮೇಲೆ ಒಂದೊಂದೇ ಕಾಲಮ್ಮಿಗೆ ನೀವೇ ಟೈಪ್ ಕೊಡಿ. ದಿನಾಂಕದ ಕಾಲಮ್ಮಿಗೆ ಲೊಕೇಲ್, ಅಂದರೆ ಯಾವ ದೇಶದ ಪದ್ಧತಿ ಅನ್ನುವುದು, ಹೇಳಿ ಕೊಡಿ, ಇಂಗ್ಲಿಷ್ ಇಂಡಿಯಾ ಅಂತ.

ಮೊತ್ತದ ಕಥೆ ಏನಪ್ಪಾ ಅಂದರೆ, ಊರೂರಿಗೆ ಕೆಳಗೆ "ಒಟ್ಟು" ಅಂತ ಒಂದು ಸಾಲು ಹಾಕಿರುತ್ತಾರಲ್ಲ, ಅದೂ ಸದಸ್ಯರ ಜೊತೆ ಒಳಗೆ ಹೋಗುತ್ತದೆ. ನನಗೆ ಒಂದು ಸಲ ಸಾಲದ ಬಾಕಿ ಸರಿಯಾಗಿ ಎರಡರಷ್ಟು ಬಂದಿತ್ತು. ಹೆಸರಿನ ಕಾಲಮ್ಮಿನಲ್ಲಿ ಒಟ್ಟು, ಮೊತ್ತ, ಕೂಡಿ, ಟೋಟಲ್, ಹಿಂದಿನ ಪುಟದಿಂದ, ಇಷ್ಟೂ ಹುಡುಕಿ ಬೇರೆ ಇಡಿ. ಅಳಿಸಬೇಡಿ! ನೀವು ಕೂಡಿಸಿದ್ದು ಅವರು ಕೂಡಿಸಿದ್ದಕ್ಕೆ ತಾಳೆ ಆಗುತ್ತಾ ಅಂತ ನೋಡಲು ಅದೇ ಬೇಕು.

ಇನ್ನೊಂದು, ಮರ್ಜ್ ಮಾಡಿದ ಸೆಲ್. ಊರಿನ ಹೆಸರು ಒಂದೇ ಸಲ ಮೇಲೆ ಬರೆದು ಕೆಳಗಿನ ಇಪ್ಪತ್ತು ಸಾಲಿಗೆ ಮರ್ಜ್ ಮಾಡಿರುತ್ತಾರೆ. ಬಿಚ್ಚಿದಾಗ ಮೇಲಿನ ಒಂದಕ್ಕೆ ಮಾತ್ರ ಊರು ಉಳಿಯುತ್ತದೆ, ಉಳಿದ ಹತ್ತೊಂಬತ್ತು ಜನ ಊರಿಲ್ಲದವರಾಗುತ್ತಾರೆ. ಫಿಲ್ ಡೌನ್ ಮಾಡಿ, ಆದರೆ ಒಟ್ಟು ಸಾಲುಗಳನ್ನು ಬೇರೆ ಮಾಡಿದ ಮೇಲೆ.

ಮುಳಗುಂದ ನಾಕಾ:

ಕಚ್ಚಾ ಟೇಬಲ್ ಮಾಡಿದೆ. ಅಮರಗೋಳ ಅವರಿಗೆ ತುಂಬಾ ಥ್ಯಾಂಕ್ಸ್, ಇದು ಮೊದಲೇ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು.

ಈಗ ಸರ್ವೆ ನಂಬರಿನ ಕಾಲಮ್ ನೋಡಿ ತಲೆ ಕೆಟ್ಟಿದೆ. 45363, 45629 ಥರ ಐದಂಕಿ ಸಂಖ್ಯೆಗಳು ಬಂದಿವೆ. ನಮ್ಮ ಊರಿನಲ್ಲಿ ಅಷ್ಟು ದೊಡ್ಡ ಸರ್ವೆ ನಂಬರೇ ಇಲ್ಲ. ಇನ್ನೊಂದು, ಸಾಲದ ವರ್ಷದ ಕಾಲಮ್ಮಿನಲ್ಲಿ 2012-13ರಿಂದ ಮುಂದೆ ಎಲ್ಲ ಸರಿ ಇದೆ, ಹಿಂದಿನ ಮೂರು ವರ್ಷ ಮಾತ್ರ ಕಾಣಿಸುತ್ತಿಲ್ಲ. ಅದರ ಬದಲು 40087, 40483, 40878 ಅಂತ ಇವೆ.

ಅಮರಗೋಳ:

ಹೆದರಬೇಡಿ. ಎರಡೂ ಒಂದೇ ರೋಗ. ಎಕ್ಸೆಲ್ ದಿನಾಂಕವನ್ನು ಒಳಗೆ ಒಂದು ಸಂಖ್ಯೆಯಾಗಿ ಇಡುತ್ತದೆ, 1900ರ ಜನವರಿ 1 ಅಂದರೆ 1, ಅಲ್ಲಿಂದ ದಿನಕ್ಕೆ ಒಂದು ಜಾಸ್ತಿ. ಯಾರೋ 12/3 ಅಂತ ಸರ್ವೆ ನಂಬರ್ ಮತ್ತು ಹಿಸ್ಸಾ ಟೈಪ್ ಮಾಡಿದ್ದಾರೆ. ಎಕ್ಸೆಲ್ ಅದನ್ನು ಮಾರ್ಚ್ 12 ಅಂದುಕೊಂಡಿದೆ. ವರ್ಷ ಹೇಳಿಲ್ಲವಲ್ಲ, ಅದಕ್ಕೆ ಟೈಪ್ ಮಾಡಿದ ವರ್ಷವನ್ನೇ ಹಾಕಿಕೊಂಡಿದೆ. 45363 ಅಂದರೆ 2024ರ ಮಾರ್ಚ್ 12. ಅದೇ 12/3ನ್ನು ಅಮೆರಿಕದ ದಿನಾಂಕ ಪದ್ಧತಿ ಇರುವ ಕಂಪ್ಯೂಟರಿನಲ್ಲಿ ಹೊಡೆದರೆ ಡಿಸೆಂಬರ್ 3 ಆಗುತ್ತದೆ, ಅದೇ ನಿಮ್ಮ 45629.

ವರ್ಷದ ಕಾಲಮ್ ಇನ್ನೂ ಚೆನ್ನಾಗಿದೆ. 2009-10 ಅಂತ ಹೊಡೆದರೆ ಎಕ್ಸೆಲ್ ಅದನ್ನು 2009ರ ಹತ್ತನೇ ತಿಂಗಳು, ಅಕ್ಟೋಬರ್ ಅಂದುಕೊಳ್ಳುತ್ತದೆ. 2010-11 ನವೆಂಬರ್, 2011-12 ಡಿಸೆಂಬರ್. 2012-13 ಬಂದಾಗ ಹದಿಮೂರನೇ ತಿಂಗಳು ಇಲ್ಲವಲ್ಲ, ಸುಮ್ನೆ ಪಠ್ಯವಾಗಿ ಬಿಟ್ಟುಬಿಡುತ್ತದೆ. ಅದಕ್ಕೇ ನಿಮಗೆ ಮೂರೇ ವರ್ಷ ಕೆಟ್ಟಿರುವುದು. ಇದನ್ನು ಸ್ಕ್ರಿಪ್ಟ್ ಕಣ್ಣು ಮುಚ್ಚಿ ಸರಿಮಾಡಬಹುದು, ಯಾಕೆಂದರೆ 40087ಕ್ಕೆ 2009-10 ಬಿಟ್ಟು ಬೇರೆ ಅರ್ಥವೇ ಇಲ್ಲ.

ಸರ್ವೆ ನಂಬರ್ ಅಷ್ಟು ಸುಲಭ ಅಲ್ಲ. ದಿನ ಮೊದಲು ಬರುವ ಪದ್ಧತಿಯ ಕಂಪ್ಯೂಟರಿನಲ್ಲಿ 1/24 ಅಂತ ಹೊಡೆದರೆ 24ನೇ ತಿಂಗಳಿಲ್ಲ ಅಂತ ಅದು 2024ರ ಜನವರಿ ಅಂದುಕೊಳ್ಳುತ್ತದೆ, ಒಳಗೆ ಜನವರಿ 1 ಅಂತ ಇಡುತ್ತದೆ. 2024ರಲ್ಲಿ 1/1 ಅಂತ ಹೊಡೆದರೂ ಅದೇ ಸಂಖ್ಯೆ. ಎರಡು ಬೇರೆ ಬೇರೆ ಹೊಲ, ಒಳಗೆ ಒಂದೇ ಅಂಕಿ. ಸೆಲ್‌ನ ಫಾರ್ಮ್ಯಾಟ್ ನೋಡಿದರೆ ಸ್ವಲ್ಪ ಸುಳಿವು ಸಿಗುತ್ತದೆ, ಒಂದರಲ್ಲಿ ದಿನ ಮತ್ತು ತಿಂಗಳು, ಇನ್ನೊಂದರಲ್ಲಿ ತಿಂಗಳು ಮತ್ತು ವರ್ಷ. ಪೈಥಾನ್‌ನ ಓಪನ್‌ಪೈಎಕ್ಸೆಲ್ ಲೈಬ್ರರಿಯಲ್ಲಿ ಸೆಲ್‌ನ ನಂಬರ್ ಫಾರ್ಮ್ಯಾಟ್ ಓದಬಹುದು. ಯಾರಾದರೂ ಆಮೇಲೆ ಕಾಲಮ್ ಪೂರ್ತಿ ಆಯ್ಕೆ ಮಾಡಿ ಫಾರ್ಮ್ಯಾಟ್ ಬದಲಿಸಿದ್ದರೆ ಆ ಸುಳಿವೂ ಇಲ್ಲ. ಮತ್ತೆ ನಿಮ್ಮಲ್ಲಿ ಕಂಪ್ಯೂಟರ್ ಎರಡು ಥರದವು ಇದ್ದಂತಿದೆ, ಹಾಗಾಗಿ ಡಿಸೆಂಬರ್ 3 ಅಂದರೆ 12/3ಓ 3/12ಓ ಅನ್ನುವುದನ್ನು ಫೈಲು ಫೈಲಿಗೆ ಬೇರೆ ನೋಡಬೇಕು.

ಸಮಾಧಾನಕ್ಕೆ ಒಂದು ಮಾತು. 2020ರಲ್ಲಿ ಮನುಷ್ಯನ ಜೀನುಗಳಿಗೆ ಹೆಸರಿಡುವ ಸಮಿತಿಯವರು ಕೆಲವು ಜೀನುಗಳ ಹೆಸರನ್ನೇ ಬದಲಿಸಿದರು, ಎಕ್ಸೆಲ್ ಅವನ್ನು ಮಾರ್ಚ್ 1, ಸೆಪ್ಟೆಂಬರ್ 1 ಅಂತ ಮಾಡುತ್ತಿತ್ತು ಅಂತ. 2023ರಲ್ಲಿ ಮೈಕ್ರೋಸಾಫ್ಟ್ ಹೀಗೆ ಅಕ್ಷರ, ಅಂಕಿ ಅಂಟಿಕೊಂಡ ಹೆಸರು ದಿನಾಂಕ ಆಗುವುದನ್ನು ನಿಲ್ಲಿಸುವ ಆಯ್ಕೆ ಕೊಟ್ಟಿತು, ಆದರೆ 12/3 ಥರದ್ದನ್ನು ಅದು ತಡೆಯುವುದಿಲ್ಲ. ಇನ್ನು ಮುಂದೆ ಸಂಘದಲ್ಲಿ ಟೈಪ್ ಮಾಡುವವರಿಗೆ ಕಾಲಮ್ಮಿನ ಫಾರ್ಮ್ಯಾಟನ್ನು ಮೊದಲೇ ಪಠ್ಯ ಅಂತ ಮಾಡಿಕೊಡಿ.

ಸಾಧನಕೇರಿ:

ಧಾರವಾಡದಿಂದ. ಅಂಕಿಯ ಮಾತು ಎಲ್ಲ ಬಂತು, ಹೆಸರಿನ ಮಾತು ಯಾರೂ ಎತ್ತಿಲ್ಲ. ನನಗೆ ಅದರದ್ದೇ ಚಿಂತೆ ಜಾಸ್ತಿ.

2009ರ ಫೈಲು ಅಂದಿರಿ. ಅದು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಇರುವ ಸಾಧ್ಯತೆ ಜಾಸ್ತಿ. ಪರದೆ ಮೇಲೆ ಕನ್ನಡ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ಡೇಟಾಬೇಸ್‌ಗೆ ಹೋದ ಮೇಲೆ ಫಾಂಟ್ ಇರುವುದಿಲ್ಲ, ಬರೀ ಕಸದ ಹಾಗೆ ಕಾಣುತ್ತದೆ. ಯೂನಿಕೋಡ್‌ಗೆ ತಿರುಗಿಸುವ ಉಚಿತ ಪರಿವರ್ತಕಗಳಿವೆ, ಆದರೆ ಒಂದೇ ಕಾಲಮ್ಮಿನಲ್ಲಿ ಕೆಲವು ಸೆಲ್ ಹಳೆಯ ಫಾಂಟು, ಕೆಲವು ಯೂನಿಕೋಡ್, ಕೆಲವು ಇಂಗ್ಲಿಷ್ ಇದ್ದರೆ ಎಲ್ಲಕ್ಕೂ ಪರಿವರ್ತಕ ಓಡಿಸಬಾರದು. ಮೊದಲು ಸೆಲ್‌ನ ಫಾಂಟ್ ಹೆಸರು ಓದಿ ವಿಂಗಡಿಸಿ, ಅದೂ ಓಪನ್‌ಪೈಎಕ್ಸೆಲ್‌ನಲ್ಲೇ ಸಿಗುತ್ತದೆ. ಸಿಎಸ್‌ವಿ (ಬರೀ ಪಠ್ಯ ಉಳಿಯುವ ಫೈಲು) ಮಾಡಿಕೊಂಡು ಕೆಲಸ ಶುರು ಮಾಡಿದರೆ ಫಾಂಟಿನ ಮಾಹಿತಿಯೇ ಹೋಗಿರುತ್ತದೆ.

ಯೂನಿಕೋಡ್ ಆದ ಮೇಲೂ ಕಾಟ ಮುಗಿಯಲ್ಲ. "ಕೋ" ಅನ್ನುವುದನ್ನು ಕ ಮತ್ತು ಓ ಸ್ವರಚಿಹ್ನೆ ಅಂತ ಎರಡು ಸಂಕೇತದಲ್ಲೂ ಬರೆಯಬಹುದು, ಎತ್ವ, ಕೊಂಬು, ದೀರ್ಘ ಅಂತ ಬಿಡಿಬಿಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ. ಡೇಟಾಬೇಸ್‌ಗೆ ಎರಡು ಬೇರೆ ಪದ. ಹುಲಕೋಟಿ ಅಂತ ಹುಡುಕಿದರೆ ಅರ್ಧ ಹುಲಕೋಟಿ ಮಾತ್ರ ಸಿಗುತ್ತದೆ. ಎನ್‌ಎಫ್‌ಸಿ ನಾರ್ಮಲೈಸೇಶನ್ ಅಂತ ಇದೆ, ಬಿಡಿ ಸಂಕೇತಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುತ್ತದೆ, ಪೈಥಾನ್‌ನ ಯೂನಿಕೋಡ್‌ಡೇಟಾದಲ್ಲಿ ಒಂದೇ ಸಾಲು, ಎಲ್ಲ ಪಠ್ಯಕ್ಕೂ ಮೊದಲು ಅದನ್ನು ಓಡಿಸಿ. ಜಾಯಿನರ್ ಅನ್ನುವ, ಅಕ್ಷರ ಕೂಡಿಸುವ ಬಿಡಿಸುವ, ಕಣ್ಣಿಗೆ ಕಾಣದ ಚಿಹ್ನೆಗಳು ಹೆಸರಿನ ಕೊನೆಗೆ ಅಂಟಿಕೊಂಡಿರುತ್ತವೆ, ಅವನ್ನು ಕೊನೆಯಿಂದ ತೆಗೆಯಿರಿ, ನಡುವಿನಿಂದ ಬೇಡ, ನಡುವೆ ಇರುವವಕ್ಕೆ ಕೆಲಸ ಇರಬಹುದು. ಕನ್ನಡ ಅಂಕಿಯ ಸೊನ್ನೆ ಬದಲು ಅನುಸ್ವಾರ ಹೊಡೆದಿರುವುದೂ ಬಹಳ. "೧ಂ" ಮತ್ತು "೧೦" ಪಕ್ಕಪಕ್ಕ ಇಟ್ಟು ನೋಡಿ, ಗೊತ್ತಾಗುತ್ತಾ?

ಈಗ ಹೆಸರು ಒಂದುಗೂಡಿಸುವುದು. ಓಪನ್‌ರಿಫೈನ್ ಅನ್ನುವ ತಂತ್ರಾಂಶ ತುಂಬಾ ಒಳ್ಳೆಯದು, ಉಚಿತ, ಹತ್ತಿರ ಹತ್ತಿರ ಇರುವ ಬರಹಗಳನ್ನು ಗುಂಪು ಮಾಡಿ ತೋರಿಸುತ್ತದೆ. ಊರಿನ ಹೆಸರಿಗೆ ಬಳಸಿ. ಲಕ್ಷ್ಮೇಶ್ವರವನ್ನು ನಾಲ್ಕು ಥರ ಬರೆದಿದ್ದರೆ ಒಂದೇ ಕ್ಲಿಕ್ಕಿಗೆ ಒಂದಾಗುತ್ತದೆ. ಉಚ್ಚಾರದ ಮೇಲೆ ಗುಂಪು ಮಾಡುವ ಮೆಟಾಫೋನ್ ಥರದವು ಇಂಗ್ಲಿಷ್‌ಗೆ ಮಾಡಿದ್ದು, ಕನ್ನಡಕ್ಕೆ ಕೆಲಸಕ್ಕೆ ಬರಲ್ಲ.

ಆದರೆ ಜನರ ಹೆಸರಿಗೆ ಗುಂಪು ಮಾಡಿ ಒಂದು ಮಾಡಬೇಡಿ. ಕೈ ಮುಗಿದು ಹೇಳುತ್ತೇನೆ. ನಮ್ಮ ಕಡೆ ಅಜ್ಜನ ಹೆಸರು ಮೊಮ್ಮಗನಿಗೆ ಇಡುತ್ತಾರೆ. ಒಂದೇ ಊರಿನಲ್ಲಿ, ಒಂದೇ ಅಡ್ಡಹೆಸರಿನಲ್ಲಿ, ಬಸಪ್ಪ ನಾಲ್ಕು ಜನ ಇರುತ್ತಾರೆ, ಅದರಲ್ಲಿ ಇಬ್ಬರ ತಂದೆಯ ಹೆಸರೂ ಒಂದೇ ಇರುತ್ತದೆ. ನೀವು ಎರಡು ಸಲ ಬಂದ ಸಾಲು ಅಂತ ಅಳಿಸಿದ್ದು ಎರಡು ಮನೆ ಇರಬಹುದು. ಸದಸ್ಯತ್ವದ ನಂಬರ್, ಸರ್ವೆ ನಂಬರ್ ಎರಡೂ ಕೂಡಿದರೆ ಮಾತ್ರ ಒಬ್ಬರೇ ಅನ್ನಿ.

ಮುಳಗುಂದ ನಾಕಾ:

ಸಾಧನಕೇರಿ ಅವರೇ, ಓದಿದ ಕೂಡಲೇ ಹೋಗಿ ನೋಡಿದೆ. ನನ್ನ ಹಳೆಯ ಸ್ಕ್ರಿಪ್ಟ್ ಹೆಸರು ಮತ್ತು ಊರು ಒಂದೇ ಇದ್ದರೆ ಅಳಿಸುತ್ತಿತ್ತು. 61 ಸಾಲು ಹೋಗಿತ್ತು. ಕಚ್ಚಾ ಟೇಬಲ್ ಇರುವುದರಿಂದ ವಾಪಸ್ ಸಿಕ್ಕವು. ಅದರಲ್ಲಿ 22 ನಿಜವಾಗಿ ಎರಡು ಸಲ ಬಂದದ್ದು. ಉಳಿದ 39 ಜನ ಬೇರೆ ಬೇರೆಯವರೇ. 39 ಜನ ಸಂಘದಿಂದ ಹೊರಗೆ ಬೀಳುತ್ತಿದ್ದರು.

ಇನ್ನೊಂದು ಗೊತ್ತಾಯ್ತು. ಒಬ್ಬರ ಇನಿಷಿಯಲ್ ಇಂಗ್ಲಿಷಿನಲ್ಲಿ ಎನ್, ಎ. ಆ ಸೆಲ್ ಖಾಲಿ ಬಂದಿದೆ.

ಅಮರಗೋಳ:

ಪಾಂಡಾಸ್ ಎನ್‌ಎ ಅಂತ ಇದ್ದರೆ ಮಾಹಿತಿ ಇಲ್ಲ ಅಂತ ತಿಳಿಯುತ್ತದೆ. ನಲ್, ನನ್ ಅನ್ನುವವೂ ಹಾಗೇ. ಕೀಪ್ ಡಿಫಾಲ್ಟ್ ಎನ್‌ಎ ಅನ್ನುವ ಆಯ್ಕೆಯನ್ನು ಫೈಲು ಓದುವಾಗ ಫಾಲ್ಸ್ ಮಾಡಿ.

ಶಿಗ್ಗಾವಿ ರಸ್ತೆ:

ಇಷ್ಟೆಲ್ಲ ಯಾಕೆ? ನಿಯಮಕ್ಕೆ ಸಿಗದ ಸಾಲು ಬಿಟ್ಟುಬಿಡಿ. ನೂರಕ್ಕೆ ಐದು ಹೋದರೆ ಹೋಗಲಿ, ಯಾರಿಗಾದರೂ ತೊಂದರೆ ಆದರೆ ಕಚೇರಿಗೆ ಬಂದು ಹೇಳುತ್ತಾರೆ. ನಮ್ಮಲ್ಲಿ ಅಂಗಡಿ ಸ್ಟಾಕ್ ಹಾಕುವಾಗ ಹಾಗೇ ಮಾಡಿದ್ದು, ಏನೂ ಆಗಲಿಲ್ಲ.

ಮುಳಗುಂದ ನಾಕಾ:

ಅಂಗಡಿಯ ಸ್ಟಾಕ್‌ಗೆ ನೀವು ಹೇಳಿದ್ದು ಸರಿ ಇರಬಹುದು, ಒಂದು ಡಬ್ಬ ಬಿಟ್ಟು ಹೋದರೆ ಮತ್ತೆ ಎಣಿಸಬಹುದು. ಇಲ್ಲಿ ಆಗಲ್ಲ. ಬಂದು ಹೇಳುವವರು ಯಾರು? ಆ ಅಜ್ಜನಿಗೆ ನಾನು ಪರದೆ ತೋರಿಸಿದ್ದಕ್ಕೆ ಗೊತ್ತಾಯ್ತು. ತೋರಿಸದೇ ಇದ್ದರೆ ಸಾಲ ಕಡಿಮೆ ಬಂತು ಅಂತ ಸುಮ್ಮನೆ ಮನೆಗೆ ಹೋಗುತ್ತಿದ್ದರು. ಕಂಪ್ಯೂಟರ್ ಹೇಳಿದ್ದೇ ಸರಿ ಇರಬೇಕು ಅಂತ. ಮತ್ತೆ, ನಿಯಮಕ್ಕೆ ಸಿಗದವರು ಯಾರು ಅಂತ ನೋಡಿದೆ. ಜಾಸ್ತಿ ಹಳಬರು, ಮತ್ತು ಗಂಡ ತೀರಿಕೊಂಡ ಮೇಲೆ ಹೆಸರು ಬದಲಿಸಿಕೊಂಡ ಹೆಣ್ಣುಮಕ್ಕಳು. ಅವರ ಸಾಲಿನಲ್ಲೇ ಷರಾ, ಬಾಣದ ಗುರುತು, ಎರಡು ಹೆಸರು ಎಲ್ಲ ಇರುವುದು. ಅವರನ್ನೇ ಬಿಡಬೇಕಾ?

ಶಿಗ್ಗಾವಿ ರಸ್ತೆ:

ಅದು ಹೊಳೆದಿರಲಿಲ್ಲ. ನಿಮ್ಮ ಮಾತು ಒಪ್ಪಿದೆ.

ರಾಣೆಬೆನ್ನೂರಿನವಳು:

ಬ್ಯಾಂಕ್ ಕಾಲಮ್ ಮುಟ್ಟುವ ಮೊದಲು ಇದನ್ನು ಓದಿ. ಖಾತೆ ನಂಬರಿನ ಮುಂದಿನ ಸೊನ್ನೆ ಎಕ್ಸೆಲ್ ತಿಂದಿರುತ್ತದೆ. 15 ಅಂಕಿಗಿಂತ ಉದ್ದ ಇದ್ದರೆ ಹದಿನಾರನೆಯದರಿಂದ ಮುಂದೆ ಎಲ್ಲ ಸೊನ್ನೆ ಮಾಡಿರುತ್ತದೆ, ಅದು ವಾಪಸ್ ಬರಲ್ಲ, ಪಾಸ್‌ಬುಕ್ಕೇ ಗತಿ. ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಕೋಡಿನಲ್ಲಿ 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಜನ ಅಲ್ಲಿ ಇಂಗ್ಲಿಷಿನ ಓ ಹೊಡೆದಿರುತ್ತಾರೆ. ಐದನೇ ಜಾಗದ ಓ ಮಾತ್ರ ಸೊನ್ನೆ ಮಾಡಿ, ಬೇರೆ ಕಡೆಯದ್ದು ಮುಟ್ಟಬೇಡಿ, ಬ್ಯಾಂಕಿನ ನಾಲ್ಕಕ್ಷರದಲ್ಲೇ ಓ ಇರಬಹುದು. ಎಸ್‌ವೈಎನ್‌ಬಿ ಅಂತ ಶುರುವಾಗುವವು ಸಿಂಡಿಕೇಟ್ ಬ್ಯಾಂಕಿನವು. ಅದು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿತು, ಹಳೆಯ ಕೋಡು 2021ರ ಜುಲೈ 1ರಿಂದ ನಡೆಯುವುದಿಲ್ಲ.

ಆಧಾರ್ 12 ಅಂಕಿ. ಕಾಲಮ್ ಜನರಲ್ ಇದ್ದರೆ ಪರದೆ ಮೇಲೆ ಇ ಪ್ಲಸ್ 11 ಅಂತ ಕಾಣುತ್ತದೆ. ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ ಒಳಗೆ ಪೂರ್ತಿ ಇರುತ್ತದೆ, ಸಿಎಸ್‌ವಿ ಮಾಡಿದರೆ ಕಂಡದ್ದೇ ಉಳಿಯುತ್ತದೆ, ಉಳಿದದ್ದು ಹೋಯ್ತು. ಕೊನೆಯ ಅಂಕಿ ತಾಳೆಯ ಅಂಕಿ, ವೆರ್ಹೋಫ್ ಲೆಕ್ಕದಿಂದ ಬರುವುದು, ಅದರಿಂದ ತಪ್ಪು ಟೈಪು ಹಿಡಿಯಬಹುದು. ಆದರೆ ನಿಜಕ್ಕೂ ಬೇಕಾ ಅಂತ ಮೊದಲು ಕೇಳಿ. ಬೇಡ ಅಂದರೆ ಒಳಗೆ ಹಾಕಲೇಬೇಡಿ. ಮತ್ತೆ ಯಾರೂ ಇಲ್ಲಿ ನಿಜವಾದ ಫೈಲಿನ ಚಿತ್ರ ಹಾಕಬೇಡಿ, ಸುಳ್ಳು ಹೆಸರು ಹಾಕಿ ಮಾದರಿ ಮಾಡಿ ಕೇಳಿ.

ಕಡ್ಡಿ ಮೆಣಸಿನಕಾಯಿ:

ತಾಲೂಕು, ಜಿಲ್ಲೆ ಕಾಲಮ್ ಬಗ್ಗೆಯೂ ಸ್ವಲ್ಪ. ಗದಗ, ಹಾವೇರಿ ಎರಡೂ 1997ರಲ್ಲಿ ಧಾರವಾಡದಿಂದ ಬೇರೆಯಾದ ಜಿಲ್ಲೆಗಳು. ಹಳೆಯ ರಿಜಿಸ್ಟರ್ ನೋಡಿ ಟೈಪ್ ಮಾಡಿದ್ದರೆ ಧಾರವಾಡ ಜಿಲ್ಲೆ ಅಂತಲೇ ಇರುತ್ತದೆ. ಅದು ತಪ್ಪಲ್ಲ, ಆಗಿನ ಸತ್ಯ. 2018ರಲ್ಲಿ ಲಕ್ಷ್ಮೇಶ್ವರ, ಗಜೇಂದ್ರಗಡ, ರಟ್ಟೀಹಳ್ಳಿ, ಅಣ್ಣಿಗೇರಿ ಎಲ್ಲ ಹೊಸ ತಾಲೂಕು ಆದವು. ಹುಬ್ಳಿ ಅಂತ ಇಂಗ್ಲಿಷಿನಲ್ಲಿ ಬರೆಯುತ್ತಿದ್ದುದು 2014ರ ನವೆಂಬರ್ 1ರಿಂದ ಹುಬ್ಬಳ್ಳಿ ಆಯ್ತು. ಹಳೆಯದನ್ನು ಅಳಿಸಿ ಹೊಸದು ಬರೆಯಬೇಡಿ. ಬೇರೆ ಒಂದು ಟೇಬಲ್‌ನಲ್ಲಿ ಹಳೆಯ ಹೆಸರು, ಈಗಿನ ಹೆಸರು, ಊರಿಗೆ ಸರ್ಕಾರ ಕೊಟ್ಟಿರುವ ಎಲ್‌ಜಿಡಿ ಕೋಡು ಇಡಿ, ಸದಸ್ಯರ ಸಾಲಿಗೆ ಕೋಡು ಮಾತ್ರ ಹಚ್ಚಿ.

ಮುಳಗುಂದ ನಾಕಾ:

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳಬೇಕಲ್ಲ.

ಈಗ ಒಂದು ಕಮಾಂಡ್ ಹೊಡೆದರೆ 14 ಫೈಲೂ ಕಚ್ಚಾ ಟೇಬಲ್‌ಗೆ ಹೋಗುತ್ತವೆ, ನಿಯಮಗಳು ಒಂದರ ಹಿಂದೆ ಒಂದು ಓಡುತ್ತವೆ, ಸಾಲಿನ ಲೆಕ್ಕ ಮತ್ತು ಮೊತ್ತ ತಾಳೆ ಆಗದಿದ್ದರೆ ಅಲ್ಲೇ ನಿಲ್ಲುತ್ತದೆ. ನಾಲ್ಕು ನಿಮಿಷ ಸಾಕು. ಪ್ರತಿ ಫೈಲಿಗೆ ಜಮೀನಿನ ರೂಢಿ ಯಾವುದು, ದಿನಾಂಕದ ಪದ್ಧತಿ ಯಾವುದು ಅಂತ ಒಂದು ಚಿಕ್ಕ ಪಟ್ಟಿ ಮಾಡಿಟ್ಟಿದ್ದೇನೆ. ಯಾವ ಬೆಲೆ ಏನಿತ್ತು, ಏನಾಯ್ತು, ಯಾವ ನಿಯಮದಿಂದ ಅನ್ನುವುದೂ ಒಂದು ಟೇಬಲ್‌ನಲ್ಲಿ ಇದೆ.

ನಿಯಮಕ್ಕೆ ಸಿಗದೆ ಉಳಿದದ್ದು 118 ಸಾಲು. ಅದಕ್ಕೆ ನಾನು ಏನು ಮಾಡಿದೆ ಅಂದರೆ, ಅವನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದುಕೊಂಡು ಸಂಘದಲ್ಲಿ ಮೊದಲು ಕೆಲಸ ಮಾಡಿ ನಿವೃತ್ತರಾದ ಕಾರ್ಯದರ್ಶಿಗಳ ಮನೆಗೆ ಹೋದೆ. ಏಷ್ಯಾದಲ್ಲೇ ಮೊದಲನೆಯದು ಅನ್ನುವ ಕಣಗಿನಹಾಳದ ಸಹಕಾರ ಸಂಘ 1905ರಲ್ಲಿ ಶುರುವಾದದ್ದು ನಮ್ಮ ಜಿಲ್ಲೆಯಲ್ಲೇ ಅಲ್ವಾ, ಇಲ್ಲಿನ ಜನಕ್ಕೆ ರಿಜಿಸ್ಟರ್ ಅಂದರೆ ಬಹಳ ಗೌರವ. ಅವರು ಹಳೆಯ ಕೆಂಪು ಬಟ್ಟೆ ಸುತ್ತಿದ ಪುಸ್ತಕಗಳನ್ನು ಕಚೇರಿಯಿಂದ ತರಿಸಿದರು. 2.1 ಅಂತ ಇರುವ ಒಂದು ಸಾಲಿಗೆ ಬೆರಳಿಟ್ಟು, "ಇದು ಹಳ್ಳದ ದಂಡಿ ಹೊಲ, ದಾರಿಗೆ ಹೋಗಿ ಉಳಿದದ್ದು ಒಂದು ಗುಂಟೆ, ಹತ್ತಲ್ಲ" ಅಂದರು. ಪುಸ್ತಕ ತೆಗೆದು ನೋಡಿದರೆ ಎರಡೆಕರೆ ಒಂದು ಗುಂಟೆ ಅಂತ ಅಕ್ಷರದಲ್ಲೇ ಬರೆದಿತ್ತು.

ಮೊದಲ ದಿನ 46 ಸಾಲು ಮುಗಿದವು. ಅವರು ಪುಟದ ನಂಬರ್ ಹೇಳುತ್ತಾರೆ, ನಾನು ಹಾಕಿಕೊಳ್ಳುತ್ತೇನೆ. ಅದಕ್ಕೂ ಒಂದು ಕಾಲಮ್ ಸೇರಿಸಿದ್ದೇನೆ, ರಿಜಿಸ್ಟರ್ ಪುಟ ಅಂತ. ಉಳಿದ 72ಕ್ಕೆ ಭಾನುವಾರ ಬಾ ಅಂದಿದ್ದಾರೆ. ಎರಡೆಕರೆ ಇಪ್ಪತ್ತು ಗುಂಟೆ ಅಜ್ಜನಿಗೆ ಹೊಸ ಪರದೆ ಮತ್ತೆ ತೋರಿಸಿದೆ. ಈ ಸಲ ಮೊಮ್ಮಗಳನ್ನು ಕರೆದುಕೊಂಡು ಬಂದು, ಅವಳ ಹತ್ತಿರ ಜೋರಾಗಿ ಓದಿಸಿದರು.